ಬೆಂಗಳೂರಿನ ಕೆರೆಗಳ ಇತಿವೃತ್ತ

ಪಟ್ಟಣಗಳ ಚರಿತ್ರೆಯನ್ನು ಬರೆಯತಕ್ಕವರು ಅವುಗಳನ್ನು ಕಟ್ಟಿದ ಪ್ರಭುಗಳಿಂದಲೋ ಮುತ್ತಿದ ಸೈನ್ಯಗಳಿಂದಲೋ ಆರಂಭಿಸುವುದು ರೂಢಿಯಾಗಿದೆ. ಬೆಂಗಳೂರಿನ ವಿಷಯದಲ್ಲಿ ಈ ರೂಢಿಯನ್ನು ಅನುಸರಿಸಿದರೆ, 1537ರಲ್ಲಿ ಯಲಹಂಕದ ನಾಡಪ್ರಭು ಕೆಂಪೇಗೌಡರು ಪೇಟೆಯನ್ನು ಕಟ್ಟಿಸಿದುದು, 1791ರಲ್ಲಿ ಕಾರನ್‌ವಾಲಿಸನು ಕೋಟೆಯನ್ನು ಹಿಡಿದುದು, 1809ರಲ್ಲಿ ಆಂಗ್ಲರು ದಂಡಿನ ಪ್ರದೇಶವನ್ನು ಸ್ಥಾಪಿಸಿದುದು, ಇವನ್ನು ಕ್ರಮವಾಗಿ ಹೇಳಿ ಮುಗಿಸಬಹುದು. ಆದರೆ ಹಾಗೆ ಮುಗಿಸಿದವರು ಒಂದು ಪ್ರಶ್ನೆಯನ್ನು ಕೇಳದೆಯೇ ಬಿಟ್ಟಂತಾಗುತ್ತದೆ. ಕಾಶಿಗೆ ಗಂಗೆಯುಂಟು, ಮಧುರೆಗೆ ವೈಗೆಯುಂಟು, ಶ್ರೀರಂಗಪಟ್ಟಣಕ್ಕೆ ಕಾವೇರಿಯುಂಟು. ಬೆಂಗಳೂರಿಗೆ ಯಾವ ನದಿಯುಂಟು? ವರ್ಷವೆಲ್ಲ ಹರಿಯತಕ್ಕ ನದಿಯೊಂದೂ ಹತ್ತಿರದಲ್ಲಿಲ್ಲದ, ಸಮುದ್ರಮಟ್ಟಕ್ಕೆ ಸುಮಾರು 3,000 ಅಡಿ ಎತ್ತರದಲ್ಲಿರುವ ಒಂದು ದಿಣ್ಣೆಯ ಮೇಲೆ ಅಷ್ಟು ಜನ ಅಷ್ಟು ಶತಮಾನಗಳ ಕಾಲ ಏನನ್ನು ಕುಡಿದು ಬದುಕಿದರು?

ಈ ಪ್ರಶ್ನೆಗೆ ಉತ್ತರ ಕೆರೆಗಳಲ್ಲಿದೆ. ಆ ಕೆರೆಗಳು ಹೇಗೆ ಹುಟ್ಟಿದುವು, ಹೇಗೆ ಬಾಳಿದುವು, ಹೇಗೆ ಅಳಿದುವು ಎಂಬುದನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶವಾಗಿರುತ್ತದೆ. ಕೋಲಾರ ಜಿಲ್ಲೆಯವರಾದ ನಮಗೆ ಬೆಂಗಳೂರಿನ ಕೆರೆಗಳಿಂದ ಆಗಬೇಕಾದುದೇನು ಎಂದು ಯಾರಾದರೂ ಕೇಳಬಹುದು. ಅದಕ್ಕೆ ಸಮಾಧಾನವನ್ನು ಮುಂದೆ ಹೇಳುವೆನು.

ಮೊದಲು ನೆಲದ ಸ್ವರೂಪವನ್ನು ತಿಳಿಯಬೇಕು. ಬೆಂಗಳೂರು ನಿಂತಿರುವುದು ಉತ್ತರದಿಂದ ದಕ್ಷಿಣಕ್ಕೆ ಹಾದುಹೋಗುವ ಒಂದು ಎತ್ತರದ ಏಣಿನ ಮೇಲೆ. ಅದರ ಪಡುವಣ ಇಳಿಜಾರಿನಲ್ಲಿ ಬಿದ್ದ ಮಳೆ ವೃಷಭಾವತಿಯಾಗಿ ಅರ್ಕಾವತಿಯನ್ನು ಸೇರಿ ಕಾವೇರಿಗೆ ಹೋಗುತ್ತದೆ. ಮೂಡಣ ಇಳಿಜಾರಿನಲ್ಲಿ ಬಿದ್ದುದು ಹೆಬ್ಬಾಳದ ಕಣಿವೆ, ಕೋರಮಂಗಲ-ಚಲ್ಲಘಟ್ಟದ ಕಣಿವೆ ಎಂಬಿವುಗಳ ಮೂಲಕ ದಕ್ಷಿಣ ಪಿನಾಕಿನಿಯನ್ನು ಸೇರುತ್ತದೆ. ಒಂದೇ ಮನೆಯ ಸೂರಿನ ಎರಡು ಕಡೆಯಿಂದ ಇಳಿದ ನೀರು ಎರಡು ನದಿಗಳಿಗೆ ಹೋಗತಕ್ಕ ಸ್ಥಳಗಳು ಅಲ್ಲಿ ಇರುವುದುಂಟು. ಇಂತಹ ನೆಲದಲ್ಲಿ ನೀರು ನಿಲ್ಲುವುದಿಲ್ಲ, ಅದನ್ನು ನಿಲ್ಲಿಸಬೇಕು. ಪೂರ್ವಿಕರು ಪ್ರತಿಯೊಂದು ತಗ್ಗಿಗೂ ಅಡ್ಡಲಾಗಿ ಮಣ್ಣಿನ ಏರಿಯನ್ನು ಹಾಕಿ, ತೂಬನ್ನಿಟ್ಟು, ಒಂದು ಕಡೆ ಕೋಡಿಯನ್ನು ಬಿಟ್ಟು, ಮೇಲಣ ಕೆರೆಯ ಕೋಡಿಯ ನೀರು ಕಾಲುವೆಯ ಮೂಲಕ ಕೆಳಗಣ ಕೆರೆಗೆ ಇಳಿಯುವಂತೆ ಮಾಡಿದರು. ಈ ಕಾಲುವೆಗಳಿಗೆ ರಾಜಕಾಲುವೆಗಳೆಂದು ಹೆಸರು. ಹೀಗೆ ಒಂದೊಂದು ಕಣಿವೆಯಲ್ಲಿಯೂ ಕೆರೆಗಳು ಮಾಲೆಯ ಮಣಿಗಳಂತೆ ಪೋಣಿಸಲ್ಪಟ್ಟಿದ್ದುವು. ಮಾಲೆಯ ಸೂತ್ರವೇ ರಾಜಕಾಲುವೆ ಎಂಬುದನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದಿನ ಅನರ್ಥಗಳಲ್ಲಿ ಅರ್ಧವು ಆ ಸೂತ್ರವನ್ನು ಕಡಿದುದರಿಂದ ಉಂಟಾದುವು.

ಕೆಂಪೇಗೌಡರಿಂದಲೇ ಈ ಪದ್ಧತಿ ಮೊದಲಾಯಿತೆಂದು ಹಲವರು ತಿಳಿದಿದ್ದಾರೆ. ಅದು ಸರಿಯಲ್ಲ. ಬೆಂಗಳೂರೆಂಬ ಹೆಸರು ಕಾಣಬರುವ ಬೇಗೂರಿನ ವೀರಗಲ್ಲು ಕ್ರಿ.ಶ. ಸುಮಾರು 890ರದು. ಅದಕ್ಕೂ ತುಸು ಹಿಂದಿನ ಗಂಗರ ಕಾಲದ ಅಗರದ ಶಾಸನವೊಂದು ಕೆರೆಗಳಿಗೆ ತೂಬುಗಳನ್ನು ಇಡಿಸಿ ಹೊಸ ಕೆರೆಯನ್ನು ಕಟ್ಟಿಸಿದ ಸಂಗತಿಯನ್ನು ಹೇಳುತ್ತದೆ. ಅರ್ಥಾತ್, ಪೇಟೆಯು ಹುಟ್ಟುವುದಕ್ಕಿಂತ ಆರು ನೂರು ವರ್ಷಗಳಿಗೂ ಮೊದಲೇ ಆ ನೆಲದಲ್ಲಿ ಕೆರೆಗಳಿದ್ದುವು. ಊರುಗಳ ಹೆಸರುಗಳೂ ಇದಕ್ಕೆ ಸಾಕ್ಷಿಯಾಗಿವೆ. ಬೊಮ್ಮಸಂದ್ರ, ಸಿಂಗಸಂದ್ರ, ಜಕ್ಕಸಂದ್ರ, ಥಣಿಸಂದ್ರ ಮುಂತಾದ ಹೆಸರುಗಳಲ್ಲಿರುವ ‘ಸಂದ್ರ’ವು ‘ಸಮುದ್ರ’ದ ತದ್ಭವವೆಂಬುದನ್ನು ಬಲ್ಲವರು ಬಲ್ಲರು. ಹತ್ತಿಪ್ಪತ್ತು ಎಕರೆ ನೀರಿಗೆ ಸಮುದ್ರವೆಂದೂ ಸಾಗರವೆಂದೂ ಅಂಬುಧಿಯೆಂದೂ ಹೆಸರಿಟ್ಟರಲ್ಲಾ ಎಂದು ಕಡಲ ತೀರದವರು ನಗಬಹುದು. ನಕ್ಕರೆ ನಗಲಿ. ಕಡಲಿನ ನೀರನ್ನು ಯಾರೂ ಕುಡಿಯಲಾರರು. ನಮ್ಮ ಸಮುದ್ರಗಳ ನೀರನ್ನು ಊರೆಲ್ಲ ಕುಡಿದಿದೆ.

ಕೆರೆಯನ್ನು ಕಟ್ಟಿಸುವುದು ನಮ್ಮ ಧರ್ಮಶಾಸ್ತ್ರಗಳಲ್ಲಿ ಪೂರ್ತವೆನಿಸಿಕೊಳ್ಳುತ್ತದೆ. ಸಪ್ತಸಂತಾನಗಳಲ್ಲಿ ತಟಾಕವೂ ಒಂದು. ಮಕ್ಕಳಿಲ್ಲದವನು ಕೆರೆಯನ್ನು ಕಟ್ಟಿಸಿದರೆ ಅದೇ ಅವನ ಸಂತತಿಯೆಂದು ಎಣಿಕೆ. ಆದರೆ ಇದೆಲ್ಲ ಬರಿಯ ಪುಣ್ಯದ ಮಾತೆಂದು ಭಾವಿಸತಕ್ಕದ್ದಲ್ಲ. ಇದರ ಹಿಂದೆ ಶಾಸ್ತ್ರವೂ ಇತ್ತು. ವಿಜಯನಗರದ ಮೊದಲನೆಯ ಬುಕ್ಕನ ಮಗನಾದ ಭಾಸ್ಕರನು 1369ರಲ್ಲಿ ಈಗಿನ ಕಡಪ ಸೀಮೆಯ ಪೊರುಮಾಮಿಳ್ಳದಲ್ಲಿ ದೊಡ್ಡದೊಂದು ಕೆರೆಯನ್ನು ಕಟ್ಟಿಸಿ, ಅಲ್ಲಿ ನಿಲ್ಲಿಸಿದ ಸಂಸ್ಕೃತ ಶಾಸನದಲ್ಲಿ ಕೆರೆಗೆ ಬೇಕಾದ 12 ಸಾಧನಗಳನ್ನೂ ಬಿಡಬೇಕಾದ 6 ದೋಷಗಳನ್ನೂ ಎಣಿಸಿದ್ದಾನೆ. ಸಾವಿರ ಆಳುಗಳು ನೂರು ಬಂಡಿಗಳೊಡನೆ ಎರಡು ವರ್ಷ ದುಡಿದು ಅದನ್ನು ಮುಗಿಸಿದರೆಂದು ಅದರಲ್ಲಿ ಉಂಟು. ಏರಿಯಿಂದ ನೀರು ಜಿನುಗುವುದು, ಚೌಳು ಮಣ್ಣು, ಎರಡು ರಾಜ್ಯಗಳ ಗಡಿಯಲ್ಲಿರುವುದು, ಕೆರೆಯ ನಡುವೆ ದಿಣ್ಣೆಯಿರುವುದು, ನೀರು ಕಡಮೆಯಾಗಿ ಗದ್ದೆ ಹೆಚ್ಚಾಗಿರುವುದು, ಗದ್ದೆ ಕಡಮೆಯಾಗಿ ನೀರು ಹೆಚ್ಚಾಗಿರುವುದು: ಇವು ಆ ದೋಷಗಳು. ಇವನ್ನು ಪಾಠ ಹೇಳುವಾಗಲೆಲ್ಲ ನನಗೆ ಒಂದು ಯೋಚನೆ ಬರುತ್ತಿತ್ತು. ಕೆರೆಯ ಮೇಲುಗಡೆ ಮಹಾನಗರವೊಂದು ಇರುವುದು ಏಳನೆಯ ದೋಷವೆಂದು ಶಾಸನವನ್ನು ರಚಿಸಿದ ಕವಿಗೆ ಹೊಳೆಯದೆ ಹೋದುದು ಆತನ ಅದೃಷ್ಟವೆಂದೇ ಹೇಳಬೇಕು.

ಶಾಸ್ತ್ರವಿದ್ದರೆ ಸಾಲದು, ನೋಡಿಕೊಳ್ಳುವ ಜನರಿರಬೇಕಷ್ಟೆ. ಕೆರೆಯನ್ನು ಕಟ್ಟಿ ಕಾಯ್ದವರಿಗೆ ಕೊಡುತ್ತಿದ್ದ ಭೂಮಿ ಕಟ್ಟುಕೊಡಗೆ. ಅದರ ಉಲ್ಲೇಖವು ಶಾಸನಗಳಲ್ಲಿ ವಿಶೇಷವಾಗಿ ಸಿಕ್ಕುತ್ತದೆ. ತೂಬನ್ನು ತೆಗೆದು ಮುಚ್ಚಿ, ಯಾರ ಗದ್ದೆಗೆ ಎಷ್ಟು ಹೊತ್ತು ನೀರೆಂಬುದನ್ನು ನಿರ್ಣಯಿಸುತ್ತಿದ್ದವನು ನೀರುಗಂಟಿ. ನಮ್ಮ ಜಿಲ್ಲೆಯ ಹಳ್ಳಿಗಳಲ್ಲಿ ನೀರುಗಂಟಿಯ ಮಾತಿಗೆ ಪಟೇಲನೂ ತಲೆಬಾಗಬೇಕಾಗಿತ್ತು. ಬೇಸಗೆಯಲ್ಲಿ ರೈತರು ಹೂಳನ್ನು ಬಂಡಿಗಳಲ್ಲಿ ತುಂಬಿಕೊಂಡು ಹೋಗಿ ಹೊಲಗಳಿಗೆ ಹಾಕುತ್ತಿದ್ದರು. ಹೊಲಕ್ಕೆ ಗೊಬ್ಬರವಾಯಿತು, ಕೆರೆಗೆ ಆಳವಾಯಿತು. ಮೈಸೂರು ಸೀಮೆಯ ಮುಖ್ಯ ಎಂಜಿನಿಯರಾಗಿದ್ದ ಸಾಂಕಿ ಎಂಬ ಆಂಗ್ಲ ಅಧಿಕಾರಿಯು 1866ರಲ್ಲಿ ಈ ಸೀಮೆಯ ನೂರಕ್ಕೆ ಸುಮಾರು 60 ಪಾಲು ನೆಲವು ಕೆರೆಗಳ ವ್ಯವಸ್ಥೆಗೆ ಒಳಪಟ್ಟಿರುವುದನ್ನು ಕಂಡು, ಇಲ್ಲಿ ಹೊಸದೊಂದು ಕೆರೆಗೆ ಸ್ಥಳವನ್ನು ಹುಡುಕುವುದಕ್ಕೇ ಜಾಣ್ಮೆ ಬೇಕೆಂಬ ಭಾವದಲ್ಲಿ ಬರೆದನು. ಆತನ ಹೆಸರಿನ ಕೆರೆಯು ಬೆಂಗಳೂರಿನಲ್ಲಿ 1882ರಲ್ಲಿ ಆಯಿತು. ಅದು ಇಂದಿಗೂ ಉಳಿದಿದೆ.

ಇನ್ನು ಪೇಟೆಯ ಕೆರೆಗಳ ಮಾತು. ಪೇಟೆಯ ವಾಯವ್ಯದಲ್ಲಿ ಧರ್ಮಾಂಬುಧಿ, ನೈಋತ್ಯದಲ್ಲಿ ಕೆಂಪಾಂಬುಧಿ, ಈಶಾನ್ಯದಲ್ಲಿ ಸಂಪಂಗಿ ಕೆರೆ, ಆಚೆಗೆ ಹಲಸೂರು ಕೆರೆ. ಕೋಟೆಯ ಬಳಿ ಸಿದ್ಧಿಕಟ್ಟೆ. ಇವುಗಳ ಸುತ್ತಮುತ್ತ ತಿಗಳರ ತೋಟಗಳು. ಹೂವು, ಸೊಪ್ಪು, ತರಕಾರಿ ಇವೆಲ್ಲ ಆ ಕೆರೆಗಳ ನೀರಿನಲ್ಲಿ ಬೆಳೆದು ಮುಂಜಾನೆಯೇ ಪೇಟೆಗೆ ಬರುತ್ತಿದ್ದುವು. ದನಕರುಗಳು ಅಲ್ಲಿಯೇ ನೀರು ಕುಡಿಯುತ್ತಿದ್ದುವು, ಅಗಸರು ಅಲ್ಲಿಯೇ ಬಟ್ಟೆ ಒಗೆಯುತ್ತಿದ್ದರು, ಕುಂಬಾರರು ಅಲ್ಲಿಯ ಜೇಡಿಮಣ್ಣನ್ನೇ ಒಯ್ಯುತ್ತಿದ್ದರು. ಕೆರೆಯಲ್ಲಿ ನಿಂತ ನೀರು ಒಳಗೊಳಗೇ ಇಂಗಿ ಊರಿನ ಬಾವಿಗಳಲ್ಲಿ ಒಸರಾಗಿ ಬರುತ್ತಿತ್ತು. ಆದಕಾರಣ ಕೆರೆಯ ಮುಖವನ್ನೇ ನೋಡದ ಮನೆಯವರೂ ಕೆರೆಯ ನೀರನ್ನೇ ಕುಡಿಯುತ್ತಿದ್ದರು. ಪಟ್ಟಣವು ಬೆಳೆಯಬೇಕಾದ ಮೇರೆಗಳನ್ನು ಸೂಚಿಸುವುದಕ್ಕಾಗಿ ನಾಲ್ಕು ದಿಕ್ಕುಗಳಲ್ಲಿ ಗೋಪುರಗಳನ್ನು ಕಟ್ಟಿಸಿದರೆಂದು ಐತಿಹ್ಯವುಂಟು. ಲಾಲ್‌ಬಾಗಿನ ಬಂಡೆಯ ಮೇಲಿನದು ಎಲ್ಲರೂ ಬಲ್ಲುದು. ಒಂದು ಮೇಖ್ರಿ ವೃತ್ತದ ಬಳಿ ಇದೆ. ಉಳಿದ ಎರಡು ಇರುವುದು ಕೆಂಪಾಂಬುಧಿಯ ಬಳಿ ಮತ್ತು ಹಲಸೂರು ಕೆರೆಯ ಬಳಿ. ನಾಲ್ಕರಲ್ಲಿ ಎರಡು ಮೇರೆಗಳು ಕೆರೆಗಳ ಬಳಿಯಲ್ಲಿಯೇ ಇರುವುದು ನನಗೆ ಆಕಸ್ಮಿಕವೆಂದು ತೋರುವುದಿಲ್ಲ.

ಈ ಏರ್ಪಾಡು ಕೆಟ್ಟುದು ಯಾವಾಗ? ಇತ್ತೀಚಿನ ದುರಾಶೆಯ ದಿನಗಳಲ್ಲಿ ಎಂದು ಅನೇಕರು ಹೇಳುತ್ತಾರೆ. ನನ್ನ ಅಭಿಪ್ರಾಯದಲ್ಲಿ ಅದರ ಮೊದಲ ಹೆಜ್ಜೆಯು ಒಂದು ಸತ್ಕಾರ್ಯವೇ ಆಗಿತ್ತು. 19ನೆಯ ಶತಮಾನದ ಕೊನೆಗೆ ಪೇಟೆಯ ಜನ ಹೆಚ್ಚಿ, ಕೆರೆಬಾವಿಗಳ ನೀರು ಕೊಳೆಯಾಗಿ, ರೋಗಗಳು ಹರಡುತ್ತಿದ್ದುವು. ಆಗ ಅರ್ಕಾವತಿಯ ಮೇಲಣ ಹೆಸರಘಟ್ಟದ ಕೆರೆಯಿಂದ ಕೊಳವೆಗಳಲ್ಲಿ ನೀರನ್ನು ತರುವ ಯೋಜನೆಯು 1890ರ ದಶಕದಲ್ಲಿ ಕೈಗೂಡಿತು. ಮನೆಯ ಬೀದಿಗೆ ಕೊಳಾಯಿ ಬಂದುದು ಸಾಮಾನ್ಯವಾದ ಉಪಕಾರವಲ್ಲ. ದೂರದಿಂದ ಬಿಂದಿಗೆ ಹೊತ್ತು ತಂದ ಹೆಂಗಸರನ್ನು ಕೇಳಿದರೆ ಅದರ ಬೆಲೆ ತಿಳಿಯುತ್ತಿತ್ತು. ಆದರೆ ಯಾವ ದಿನ ಪೇಟೆಯು ತನ್ನ ಕೆರೆಯ ನೀರನ್ನು ಕುಡಿಯುವುದನ್ನು ಬಿಟ್ಟಿತೋ ಆ ದಿನವೇ ಕೆರೆಯ ವಿಷಯದಲ್ಲಿ ಪೇಟೆಗಿದ್ದ ಭಯವೂ ಹೋಯಿತು. ತಾನು ಕುಡಿಯುವ ನೀರಿಗೆ ಯಾವನೂ ಕೊಳೆಯನ್ನು ಬಿಡುವುದಿಲ್ಲ. ತಾನು ಕುಡಿಯದ ನೀರಿಗೆ ಬಿಡುತ್ತಾನೆ. ನೀರಿನ ಪಾತ್ರವಾಗಿದ್ದುದು ಅಂದಿನಿಂದ ಖಾಲಿ ಜಾಗವಾಗಿ ಕಾಣತೊಡಗಿತು.

ಸಂಪಂಗಿ ಕೆರೆಯ ಕಥೆಯು ಇದಕ್ಕೆ ತಕ್ಕ ಉದಾಹರಣೆ. ಅದು ಪೇಟೆಗೂ ದಂಡಿಗೂ ನಡುವೆ ಇದ್ದುದರಿಂದ ಇಬ್ಬರ ಕೈಗೂ ಸಿಕ್ಕಿತು. ತೋಟದವರಿಗೆ ಅದರಲ್ಲಿ ನೀರು ಬೇಕಾಗಿತ್ತು. ದಂಡಿನ ಸಾಹೇಬರಿಗೆ ಅದು ಒಣಗಿದ್ದರೆ ಕುದುರೆಯೇರಿ ಪೋಲೋ ಆಡುವುದಕ್ಕೆ ಅನುಕೂಲವಾಗುತ್ತಿತ್ತು. ಯಾರ ಮಾತು ನಡೆದಿರಬಹುದೆಂಬುದನ್ನು ವಾಚಕರು ಊಹಿಸಬಲ್ಲರು. ನೀರು ತರುವ ಕಾಲುವೆಗಳು ಕಡಿದುಹೋದುವು. 1930ರ ದಶಕದ ಹೊತ್ತಿಗೆ ಕೆರೆಯು ಬಹುಮಟ್ಟಿಗೆ ಮೈದಾನವಾಗಿ, ಮೂಲೆಯಲ್ಲಿ ಒಂದು ಚಿಕ್ಕ ಕೊಳ ಮಾತ್ರ ಉಳಿಯಿತು. ಈಗ ಅಲ್ಲಿ ಕಂಠೀರವ ಕ್ರೀಡಾಂಗಣವಿದೆ. ಚೈತ್ರಮಾಸದಲ್ಲಿ ಧರ್ಮರಾಯನ ಗುಡಿಯ ಕರಗದ ಉತ್ಸವ ನಡೆಯುವಾಗ ತಿಗಳರು ಇಂದಿಗೂ ಆ ಚಿಕ್ಕ ಕೊಳಕ್ಕೆ ಬಂದು ತಮ್ಮ ವಿಧಿಗಳನ್ನು ನಡೆಸುತ್ತಾರೆ. ತೋಟ ಹೋಯಿತು, ಕೆರೆ ಹೋಯಿತು, ಕರಗ ಉಳಿಯಿತು. ಪುಸ್ತಕಗಳಿಂದ ಅಳಿದುಹೋದ ಎಲ್ಲೆಯನ್ನು ಒಂದು ಜನಾಂಗದ ಆಚಾರವು ಕಾಯ್ದುಕೊಂಡು ಬಂದಿರುವುದು ಇತಿಹಾಸದ ವಿದ್ಯಾರ್ಥಿಗಳು ಗಮನಿಸತಕ್ಕ ಸಂಗತಿ.

ಧರ್ಮಾಂಬುಧಿಯ ಗತಿಯೂ ಇದೇ. ಅದು ಬತ್ತಿ, ಬಯಲಾಗಿ, ಸಭೆಗಳ ಮೈದಾನವಾಗಿ, ಕೊನೆಗೆ ಬಸ್ಸುಗಳ ನಿಲ್ದಾಣವಾಯಿತು. ದಿನಕ್ಕೆ ಲಕ್ಷಾಂತರ ಜನ ಇಳಿದುಹತ್ತುವ ಆ ನಿಲ್ದಾಣಕ್ಕೆ ಕೆರೆಯನ್ನು ಕಟ್ಟಿಸಿದ ವಂಶದ ಕೆಂಪೇಗೌಡರ ಹೆಸರನ್ನೇ ಇಟ್ಟಿದ್ದಾರೆ. ಪಕ್ಕದ ರಸ್ತೆಯನ್ನು ಟ್ಯಾಂಕ್ ಬಂಡ್ ರಸ್ತೆ, ಎಂದರೆ ಕೆರೆಯೇರಿಯ ರಸ್ತೆ, ಎಂದು ಕರೆಯುವುದೊಂದೇ ಉಳಿದಿರುವ ಸಾಕ್ಷ್ಯ. ಸಿದ್ಧಿಕಟ್ಟೆಯ ಮೇಲೆ 1921ರಲ್ಲಿ ಕೃಷ್ಣರಾಜ ಮಾರುಕಟ್ಟೆಯು ಎದ್ದಿತು. ಶೂಲೆ ಕೆರೆ ಕಾಲ್ಚೆಂಡಿನ ಕ್ರೀಡಾಂಗಣವಾಯಿತು. ಅಕ್ಕಿತಿಮ್ಮನಹಳ್ಳಿಯ ಕೆರೆ ಹಾಕಿ ಆಟದ ಕ್ರೀಡಾಂಗಣವಾಯಿತು. ಚಲ್ಲಘಟ್ಟದ ಕೆರೆ ಗಾಲ್ಫ್ ಮೈದಾನವಾಯಿತು. ಈ ಊರಿನಲ್ಲಿ ಆಟವಾಡುವುದಕ್ಕೆ ಕೆರೆಯ ಅಂಗಳವೇ ಆಗಬೇಕೆಂದು ಏನಾದರೂ ನಿಯಮವಿತ್ತೋ ತಿಳಿಯದು.

ನ್ಯಾಯವಾಗಿ ಹೇಳಬೇಕಾದರೆ, ಕೆರೆಗಳನ್ನು ಒಡೆದವರಿಗೂ ಕಾರಣಗಳಿದ್ದುವು. 1898ರಲ್ಲಿ ಪ್ಲೇಗು ಬಂದು ಪೇಟೆಯ ಇಕ್ಕಟ್ಟಿನ ಓಣಿಗಳಲ್ಲಿ ಜನ ಸಾಯುತ್ತಿದ್ದಾಗ, ಗಾಳಿಬೆಳಕುಗಳಿರುವ ಬಸವನಗುಡಿ, ಮಲ್ಲೇಶ್ವರಗಳಂತಹ ಬಡಾವಣೆಗಳು ಬೆಳೆಯುವುದು ಆವಶ್ಯಕವಾಗಿತ್ತು. ನಿಂತ ನೀರಿನ ಸೊಳ್ಳೆಯಿಂದ ಮಲೇರಿಯಾ ಹರಡುತ್ತದೆಂದು ತಿಳಿದ ಮೇಲೆ ಕೆಲವು ಕೆರೆಗಳನ್ನು ಆರೋಗ್ಯದ ಹೆಸರಿನಲ್ಲಿಯೇ ಒಡೆದರು. ಅಂದಿನ ಜನಸಂಖ್ಯೆಯೂ ಮಿತವಾಗಿತ್ತು. 1941ರ ಗಣತಿಯಲ್ಲಿ ಬೆಂಗಳೂರಿನ ಜನ ಸುಮಾರು 4 ಲಕ್ಷ; 1951ರಲ್ಲಿ ಹತ್ತಿರ ಹತ್ತಿರ 8 ಲಕ್ಷ; 1981ರಲ್ಲಿ 29 ಲಕ್ಷ; 2011ರಲ್ಲಿ 84 ಲಕ್ಷ. ಹತ್ತೇ ವರ್ಷಗಳಲ್ಲಿ ಇಮ್ಮಡಿಯಾಗುತ್ತಿದ್ದ ಊರಿಗೆ ಮನೆಯ ನಿವೇಶನಗಳು ಎಲ್ಲಿಂದ ಬರಬೇಕು? 1945ರಲ್ಲಿ ನಗರಾಭಿವೃದ್ಧಿ ವಿಶ್ವಸ್ತ ಮಂಡಲಿಯೂ 1976ರಲ್ಲಿ ಅದರ ಸ್ಥಾನದಲ್ಲಿ ಅಭಿವೃದ್ಧಿ ಪ್ರಾಧಿಕಾರವೂ ಸ್ಥಾಪಿತವಾದುದು ಈ ಒತ್ತಡದಿಂದಲೇ. ಖಾಸಗಿ ಜಮೀನನ್ನು ತೆಗೆದುಕೊಳ್ಳಬೇಕಾದರೆ ಪರಿಹಾರವನ್ನು ಕೊಡಬೇಕು, ವ್ಯಾಜ್ಯವನ್ನು ಎದುರಿಸಬೇಕು. ಬತ್ತಿದ ಕೆರೆಯಂಗಳವಾದರೋ ಸರಕಾರದ್ದೇ. ಅದನ್ನು ತೆಗೆದುಕೊಳ್ಳುವುದು ಎಲ್ಲಕ್ಕಿಂತ ಸುಲಭ. ಹೀಗೆ ಕೆರೆಗಳನ್ನು ಕಾಯಬೇಕಾದವರೇ ಅವುಗಳ ಮೇಲೆ ಬಡಾವಣೆಗಳನ್ನೂ ಕಚೇರಿಗಳನ್ನೂ ನಿಲ್ದಾಣಗಳನ್ನೂ ಕಟ್ಟಿದರು. ಬೇಲಿಯೇ ಎದ್ದು ಹೊಲ ಮೇಯ್ದ ಮೇಲೆ ದನವು ಸುಮ್ಮನಿದ್ದೀತೇ? ಸರಕಾರವು ನಡುವಿನಲ್ಲಿ ಕಟ್ಟಿತು, ಬಲವುಳ್ಳವರು ಅಂಚಿನಲ್ಲಿ ಕಟ್ಟಿದರು, ಬಡವರು ಉಳಿದ ಕಾಲುವೆಯ ಮೇಲೆ ಗುಡಿಸಲು ಹಾಕಿದರು. ತೆರವಿನ ಆಜ್ಞೆಯು ಬಂದಾಗ ಮೊದಲು ಹೋಗುವುದು ಆ ಗುಡಿಸಲು ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ನಾನು ಪಾಠಶಾಲೆಯ ವಿದ್ಯಾರ್ಥಿಯಾಗಿ 1970ರ ದಶಕದಲ್ಲಿ ಬೆಂಗಳೂರಿನಲ್ಲಿದ್ದಾಗ, ಸಂಧ್ಯಾಕಾಲದಲ್ಲಿ ನಾವು ಕೆಲವರು ಕೆಂಪಾಂಬುಧಿಯ ಏರಿಯ ಮೇಲೆ ನಡೆದುಹೋಗುತ್ತಿದ್ದೆವು. ಅರ್ಘ್ಯ ಕೊಡುವುದಕ್ಕೆ ಅಲ್ಲಿಯ ನೀರನ್ನು ಮುಟ್ಟಬೇಡಿರೆಂದು ನಮ್ಮ ಗುರುಗಳು ಹೇಳಿಕಳುಹಿಸುತ್ತಿದ್ದರು. ಅಂಬುಧಿ ಶಬ್ದದ ವ್ಯುತ್ಪತ್ತಿಯನ್ನು ಬೆಳಗ್ಗೆ ಹೇಳಿಕೊಟ್ಟವರೂ ಅವರೇ.

ಎಚ್ಚರಿಕೆಯ ಮಾತುಗಳು ಇಲ್ಲದಿರಲಿಲ್ಲ. 1985ರಲ್ಲಿ ಲಕ್ಷ್ಮಣರಾಯರ ಅಧ್ಯಕ್ಷತೆಯಲ್ಲಿ ಸರಕಾರವು ನೇಮಿಸಿದ ಸಮಿತಿಯು, ಇದ್ದ ಕೆರೆಗಳನ್ನು ಒಡೆಯದೆ ಉಳಿಸಬೇಕು, ಚರಂಡಿಯ ನೀರನ್ನು ಅವುಗಳಿಗೆ ಬಿಡಬಾರದು, ಸುತ್ತಲೂ ಮರಗಳನ್ನು ಬೆಳೆಸಬೇಕು ಎಂದು ತಿಳಿಸಿತು. ಸರಕಾರವು ಅದನ್ನು ಒಪ್ಪಿತು. ಆದರೆ ಒಪ್ಪಿದ ಮೇಲೆಯೇ, 1997ರ ರಾಷ್ಟ್ರೀಯ ಕ್ರೀಡೆಗಳಿಗಾಗಿ ಕೋರಮಂಗಲದ ಕೆರೆಯಂಗಳದಲ್ಲಿ ಕ್ರೀಡಾಗ್ರಾಮದ ಎತ್ತರದ ಮನೆಗಳು ಎದ್ದುವು. 2007ರಲ್ಲಿ ಸುತ್ತಣ ಏಳು ನಗರಸಭೆಗಳನ್ನೂ ಒಂದು ಪುರಸಭೆಯನ್ನೂ 110 ಹಳ್ಳಿಗಳನ್ನೂ ಸೇರಿಸಿಕೊಂಡು ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯು ಆಯಿತು. 2025ರಲ್ಲಿ ಅದನ್ನೂ ಐದು ಪಾಲಿಕೆಗಳಾಗಿ ಒಡೆದು ಮೇಲೊಂದು ಪ್ರಾಧಿಕಾರವನ್ನು ಇಟ್ಟರು. ಹಸುರು ನ್ಯಾಯಾಧಿಕರಣವು 2016ರಲ್ಲಿ ಕೆರೆಯ ಅಂಚಿನಿಂದ 75 ಮೀಟರು ದೂರದವರೆಗೆ ಏನನ್ನೂ ಕಟ್ಟಬಾರದೆಂದು ವಿಧಿಸಿತು. 2019ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ವಿಧಿಯನ್ನು ತಳ್ಳಿಹಾಕಿತು. ಶಾಸನಸಭೆಯ ಸಮಿತಿಯೊಂದು 2017ರಲ್ಲಿ ಬೆಂಗಳೂರಿನ ನಗರ ಮತ್ತು ಗ್ರಾಮಾಂತರ ಜಿಲ್ಲೆಗಳ ಕೆರೆಗಳ ಪೈಕಿ 10 ಸಾವಿರ ಎಕರೆಗೂ ಮಿಕ್ಕ ನೆಲವು ಅತಿಕ್ರಮಣಕ್ಕೆ ಸಿಕ್ಕಿದೆಯೆಂದು ಲೆಕ್ಕ ಕೊಟ್ಟಿತು. ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ವಾಂಸರ ಗಣನೆಯಂತೆ 1973ರಿಂದ ಮುಂದಿನ ನಾಲ್ಕು ದಶಕಗಳಿಗೆ ಮಿಕ್ಕ ಕಾಲದಲ್ಲಿ ನಗರದ ಜಲಾಶಯಗಳ ವಿಸ್ತಾರವು ನೂರಕ್ಕೆ 79ರಷ್ಟು ಕುಗ್ಗಿದೆ.

ಇದರ ಫಲವನ್ನು ಮೊದಲು ಉಂಡವರು ಪಟ್ಟಣಿಗರಲ್ಲ, ಪಟ್ಟಣದ ಅಂಚಿನ ಹಳ್ಳಿಯವರು. ಬೆಳ್ಳಂದೂರಿನ ಕೆರೆ ಸುಮಾರು 900 ಎಕರೆಯಷ್ಟು ವಿಶಾಲವಾದುದು. ಅದರ ಕೆಳಗೆ ಬತ್ತದ ಗದ್ದೆಗಳಿದ್ದುವು, ಅದರಲ್ಲಿ ಮೀನು ಹಿಡಿದು ಬದುಕಿದವರಿದ್ದರು. ಮೇಲಣ ಕೆರೆಗಳೆಲ್ಲ ಬಡಾವಣೆಗಳಾದ ಮೇಲೆ ಕಣಿವೆಯಲ್ಲಿ ಇಳಿದು ಬಂದುದು ಮಳೆಯ ನೀರಲ್ಲ, ಬಚ್ಚಲಿನ ನೀರು. ಮೀನು ಸತ್ತಿತು, ಬಾವಿ ಕೆಟ್ಟಿತು. ಸಾಬೂನಿನ ಪುಡಿಗಳ ಸತ್ತ್ವವು ತುಂಬಿದ ನೀರು ಕೋಡಿಯಲ್ಲಿ ಧುಮುಕಿದಾಗ ಬೆಳ್ಳಗೆ ನೊರೆಯೆದ್ದು ರಸ್ತೆಗೆ ಹಾರಿತು. 2015ರಲ್ಲಿಯೂ 2017ರಲ್ಲಿಯೂ 2018ರ ಜನವರಿಯಲ್ಲಿಯೂ ಆ ಕೆರೆಗೆ ಬೆಂಕಿಯೇ ಹತ್ತಿತು. ಕೊನೆಯ ಸಲ ನಂದಿಸುವುದಕ್ಕೆ ಸೈನಿಕರು ಬರಬೇಕಾಯಿತು. ನೀರಿನೊಳಗೆ ಬಡಬಾಗ್ನಿಯಿದೆಯೆಂದು ಪುರಾಣಗಳಲ್ಲಿ ಓದಿದ್ದ ನಾವು ಅದನ್ನು ಅರ್ಥವಾದವೆಂದು ತಿಳಿದಿದ್ದೆವು. ಪಡುವಣ ಕಡೆಯ ವೃಷಭಾವತಿಯದೂ ಇದೇ ಅವಸ್ಥೆ. ಬಿಡದಿಯ ಹತ್ತಿರ ಅದರ ನೀರನ್ನು ತಡೆದು ಬೈರಮಂಗಲದಲ್ಲಿ ಕಟ್ಟಿದ ಜಲಾಶಯವು ರೈತರ ಏಳಿಗೆಗಾಗಿ ಆದುದು. ಈಗ ಅದರ ನೀರಿಗೆ ಇಳಿದವರ ಕಾಲಿಗೆ ತುರಿ ಹತ್ತುತ್ತದೆ.

ನೀರಿನ ಜೊತೆಗೆ ಕಸವೂ ಹಳ್ಳಿಗಳ ಪಾಲಾಯಿತು. ಮಾವಳ್ಳಿಪುರದವರು ಪ್ರತಿಭಟಿಸಿದ ಮೇಲೆ 2012ರಲ್ಲಿ ಅಲ್ಲಿ ಕಸ ಸುರಿಯುವುದು ನಿಂತಿತು. ಆ ಭಾರವು ಹಳೆಯ ಮದರಾಸು ರಸ್ತೆಯ ಕಡೆಯ ಮಂಡೂರಿನ ಮೇಲೆ ಬಿತ್ತು. 2014ರಲ್ಲಿ ಮಂಡೂರಿನವರೂ ಬೀದಿಗಿಳಿದರು. ಅಲ್ಲಿಯೂ ನಿಂತಿತು, ಇನ್ನೊಂದು ಕಡೆ ಮೊದಲಾಯಿತು. ಊರ ಗೋಮಾಳವು ನಿವೇಶನವಾದರೆ ದನವನ್ನು ಮಾರಬೇಕು. ಗುಂಡುತೋಪು ಹೋದರೆ ಜಾತ್ರೆಯ ನೆರಳು ಹೋಯಿತು. ಜಮೀನು ಮಾರಿದ ಹಣವು ಒಂದು ಮದುವೆಗೆ, ಒಂದು ಕಾರಿಗೆ ಮುಗಿಯಿತು. ಮಗನು ತನ್ನ ಅಜ್ಜನ ಹೊಲದ ಮೇಲೆದ್ದ ಮಹಡಿಯ ಬಾಗಿಲಲ್ಲಿ ಕಾವಲುಗಾರನಾದನು. ಇಂತಹ ಮನೆತನಗಳನ್ನು ನಮ್ಮ ವಾಚಕರಲ್ಲಿ ಅನೇಕರು ಕಂಡಿರಬೇಕು. ನನ್ನ ಹಳೆಯ ಶಿಷ್ಯರಲ್ಲಿಯೇ ಇಂತಹವರು ಇಬ್ಬರಿದ್ದಾರೆ.

ಕಟ್ಟಕಡೆಗೆ ಪಟ್ಟಣಕ್ಕೂ ಸರದಿ ಬಂದಿತು. 2022ರ ಸೆಪ್ಟೆಂಬರಿನಲ್ಲಿ ಸುರಿದ ಮಳೆಗೆ ಹೊರವರ್ತುಲ ರಸ್ತೆಯ ಕಡೆಯ ಶ್ರೀಮಂತ ಬಡಾವಣೆಗಳು ಮುಳುಗಿದುವು. ಗಣಕಯಂತ್ರಗಳ ಕಚೇರಿಗೆ ಹೋಗತಕ್ಕವರು ಟ್ರಾಕ್ಟರುಗಳ ಮೇಲೆ ನಿಂತು ಹೋದುದನ್ನು ಜಗತ್ತೆಲ್ಲ ನೋಡಿತು. ನೀರು ತನ್ನ ಹಳೆಯ ದಾರಿಯಲ್ಲಿಯೇ ಬಂದಿತ್ತು, ದಾರಿಯಲ್ಲಿ ಮನೆಗಳಿದ್ದುವು. ಅದಾದ ಒಂದೂವರೆ ವರ್ಷಕ್ಕೆ, 2024ರ ಬೇಸಗೆಯಲ್ಲಿ, ಅದೇ ಊರಿನಲ್ಲಿ ಕುಡಿಯುವ ನೀರಿಗೆ ಹಾಹಾಕಾರವೆದ್ದಿತು. ಸುಮಾರು 14 ಸಾವಿರ ಸಾರ್ವಜನಿಕ ಕೊಳವೆಬಾವಿಗಳಲ್ಲಿ ಅರ್ಧದಷ್ಟು ಬತ್ತಿದುವೆಂದು ಸರಕಾರವೇ ತಿಳಿಸಿತು. ಟ್ಯಾಂಕರಿನವರು ಕೇಳಿದಷ್ಟು ಬೆಲೆಯನ್ನು ಜನ ತೆತ್ತರು. ಮುಳುಗುವುದೂ ಬಾಯಾರುವುದೂ ಒಂದೇ ರೋಗದ ಎರಡು ಲಕ್ಷಣಗಳು. ನೆಲವನ್ನೆಲ್ಲ ಕಾಂಕ್ರೀಟಿನಿಂದ ಮುಚ್ಚಿದರೆ ಮಳೆಯು ಇಂಗುವುದಿಲ್ಲ, ನಿಲ್ಲುವುದಕ್ಕೆ ಕೆರೆಯಿಲ್ಲ, ಹರಿಯುವುದಕ್ಕೆ ಕಾಲುವೆಯಿಲ್ಲ. ಆದುದರಿಂದ ಒಂದು ದಿನ ಪ್ರವಾಹ, ಉಳಿದ ದಿನ ಬರ. ಹೆಸರಘಟ್ಟ ಸಾಲದೆ 1933ರಲ್ಲಿ ತಿಪ್ಪಗೊಂಡನಹಳ್ಳಿಯ ಜಲಾಶಯವಾಯಿತು. ಅದೂ ಸಾಲದೆ 1974ರಲ್ಲಿ ಕಾವೇರಿಯನ್ನು ತಂದರು. 2024ರ ಅಕ್ಟೋಬರಿನಲ್ಲಿ ಐದನೆಯ ಹಂತವು ಆರಂಭವಾಗಿ ದಿನಕ್ಕೆ ಇನ್ನೂ 77.5 ಕೋಟಿ ಲೀಟರು ಸೇರಿತು. ಸುಮಾರು 100 ಕಿಲೋಮೀಟರು ದೂರದಿಂದ ವಿದ್ಯುತ್ತಿನ ಬಲದಿಂದ ಬೆಟ್ಟವೇರಿಸಿ ತಂದ ಈ ನೀರು, ಒಮ್ಮೆ ಬಳಕೆಯಾದ ಮೇಲೆ, ಕೆರೆಗಳಿದ್ದ ಕಣಿವೆಗಳಲ್ಲಿ ಕೊಳಚೆಯಾಗಿ ಇಳಿಯುತ್ತದೆ.

ಇಲ್ಲಿಗೆ ನಮ್ಮ ಜಿಲ್ಲೆಯ ಸಂಬಂಧವು ಬಂದಿತು. ಆ ಕೊಳಚೆಯನ್ನು ಎರಡು ಹಂತಗಳಲ್ಲಿ ಶುದ್ಧಿಮಾಡಿ, ಕೋರಮಂಗಲ-ಚಲ್ಲಘಟ್ಟದ ಕಣಿವೆಯಿಂದ ದಿನಕ್ಕೆ 44 ಕೋಟಿ ಲೀಟರಿನಷ್ಟನ್ನು ಕೊಳವೆಗಳ ಮೂಲಕ ಕೋಲಾರ ಜಿಲ್ಲೆಯ ಮತ್ತು ಚಿಂತಾಮಣಿಯ ಕಡೆಯ 126 ಕೆರೆಗಳಿಗೆ ತುಂಬುವ ಯೋಜನೆಯು 2018ರ ಜೂನಿನಲ್ಲಿ ಆರಂಭವಾಯಿತು. ಮೊದಲು ನೀರು ಬಂದುದು ನರಸಾಪುರದ ಬಳಿಯ ಲಕ್ಷ್ಮೀಸಾಗರದ ಕೆರೆಗೆ. ಮರುತಿಂಗಳೇ ನೊರೆ ಕಂಡಿತೆಂದು ಕೂಗೆದ್ದು, ಉಚ್ಚ ನ್ಯಾಯಾಲಯವು ತಡೆಯನ್ನು ವಿಧಿಸಿತು, ಬಳಿಕ ತೆರವು ಮಾಡಿತು. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ತಡೆದು ಕೆಲವು ತಿಂಗಳ ತರುವಾಯ ಬಿಟ್ಟಿತು. ಬತ್ತಿ ಬಿರಿದಿದ್ದ ಕೆರೆಗಳು ತುಂಬಿದುವು, ಸತ್ತಿದ್ದ ಕೊಳವೆಬಾವಿಗಳಲ್ಲಿ ನೀರು ಮೇಲೆ ಬಂದಿತು ಎಂಬುದು ಸುಳ್ಳಲ್ಲ. 1,000 ಅಡಿಗಿಂತ ಕೆಳಗೆ ಕೊರೆದರೂ ಧೂಳೇ ಬರುತ್ತಿದ್ದ ಹಳ್ಳಿಗಳ ರೈತನು ಈ ನೀರನ್ನು ಬೇಡವೆನ್ನಲಾರನು; ಬೇಡವೆನ್ನಿರೆಂದು ಮನೆಯಲ್ಲಿ ಕುಳಿತು ಅವನಿಗೆ ಬೋಧಿಸುವ ಅಧಿಕಾರವು ನಮಗಿಲ್ಲ. ಆದರೆ ಕೆರೆಯಲ್ಲಿ ನಿಂತುದು ಬಾವಿಗೆ ಇಂಗುತ್ತದೆ ಎಂಬುದೇ ನಮ್ಮ ಪೂರ್ವಿಕರ ವ್ಯವಸ್ಥೆಯ ಮರ್ಮವೆಂದು ಹಿಂದೆ ಹೇಳಿದೆನಷ್ಟೆ. ಒಳ್ಳೆಯದು ಇಂಗುವ ದಾರಿಯಲ್ಲಿಯೇ ಕೆಟ್ಟುದೂ ಇಂಗುತ್ತದೆ. ಮೂರನೆಯ ಹಂತದ ಶುದ್ಧೀಕರಣವಾಗಬೇಕೆಂದು ಜಿಲ್ಲೆಯ ಜನರು ಕೇಳುತ್ತ ಬಂದಿರುವುದು ಭಿಕ್ಷೆಯಲ್ಲ, ನ್ಯಾಯವಾದ ಬೇಡಿಕೆ. ತನ್ನ ಕೆರೆಗಳನ್ನು ಕೊಂದ ಊರು ನಮ್ಮ ಕೆರೆಗಳನ್ನು ತುಂಬುತ್ತಿರುವಾಗ ಕೃತಜ್ಞತೆಗಿಂತ ಮೊದಲು ಪರೀಕ್ಷೆ ನಡೆಯಬೇಕು.

ನಾವೇನೂ ನಿರ್ದೋಷಿಗಳಲ್ಲ. ನೀಲಗಿರಿಯ ತೋಪುಗಳನ್ನು ಹೊಲಹೊಲದಲ್ಲಿ ಬೆಳೆಸಿದವರು, ನದಿಯ ಮರಳನ್ನು ಬಗೆದವರು, ನೀರುಗಂಟಿಯನ್ನು ಮನೆಗೆ ಕಳುಹಿಸಿದವರು ಬೆಂಗಳೂರಿನವರಲ್ಲ. ಪ್ರಾಚೀನ ಶಾಸನಗಳಲ್ಲಿ ವಿಜಯಾದಿತ್ಯಮಂಗಲವೆನಿಸಿದ ಬೇತಮಂಗಲದ ದೊಡ್ಡ ಕೆರೆಯು ಪಾಲಾರಿನ ನೀರಿನಿಂದ ಚಿನ್ನದ ಗಣಿಗಳ ಊರಿಗೆಲ್ಲ ಕುಡಿಯಲು ಕೊಟ್ಟಿತು. ಅದರ ಗೌರವವನ್ನು ನಾವೆಷ್ಟು ಕಾಯ್ದೆವು?

ಈಗ ಪಟ್ಟಣವೇ ನಮ್ಮ ಕಡೆಗೆ ನಡೆದು ಬರುತ್ತಿದೆ. ಹೊಸಕೋಟೆಯನ್ನು ದಾಟಿ, ಮಾಲೂರನ್ನು ಹೊಕ್ಕು, ನರಸಾಪುರ ವೇಮಗಲ್ಲುಗಳ ಕೈಗಾರಿಕಾ ಪ್ರದೇಶಗಳ ಸುತ್ತ ನಿವೇಶನಗಳ ಕಲ್ಲುಗಳು ಸಾಲಾಗಿ ನಿಂತಿವೆ. ಹೊಸಕೋಟೆಯಿಂದ ಬೇತಮಂಗಲದ ಆಚೆಗೆ ಚೆನ್ನೈಗೆ ಹೋಗುವ ವೇಗದ ಹೆದ್ದಾರಿಯ ನಮ್ಮ ನಾಡಿನ ಭಾಗದಲ್ಲಿ 2024ರ ಡಿಸೆಂಬರಿನಿಂದ ವಾಹನಗಳು ಓಡುತ್ತಿವೆ. ಊರು ಬೆಳೆಯಬಾರದೆಂದು ನಾನು ಹೇಳುವವನಲ್ಲ. ನಮ್ಮ ಹುಡುಗರಿಗೆ ಉದ್ಯೋಗ ಬೇಕು, ಮನೆ ಬೇಕು. ಆದರೆ ಪಟ್ಟಣವು ಬಂದ ಮೇಲೆ ಕೆರೆಯನ್ನು ಹುಡುಕುವುದಕ್ಕೂ ಬರುವುದಕ್ಕೆ ಮೊದಲೇ ಅದರ ಎಲ್ಲೆಯನ್ನು ಗುರುತಿಸಿಡುವುದಕ್ಕೂ ಬಹಳ ಅಂತರವಿದೆ. ಸಂಪಂಗಿ ಕೆರೆಯ ಎಲ್ಲೆಯನ್ನು ಕಾಯ್ದುಕೊಟ್ಟ ಕರಗದಂತಹ ಆಚಾರವು ಎಲ್ಲ ಊರುಗಳಿಗೂ ಇರುವುದಿಲ್ಲ.

ಈ ಕಾರ್ಯಕ್ಕೆ ಬೇಕಾದ ದಾಖಲೆಗಳು ದುರ್ಲಭವಲ್ಲ. ರೈಸ್ ಸಾಹೇಬನು 1905ರಲ್ಲಿ ಪ್ರಕಟಿಸಿದ ಕೋಲಾರ ಜಿಲ್ಲೆಯ ಶಾಸನ ಸಂಪುಟದಲ್ಲಿ ಕೆರೆಗಳ, ತೂಬುಗಳ, ಕೊಡಗೆಗಳ ಶಾಸನಗಳು ತಾಲ್ಲೂಕುವಾರಾಗಿ ಸಿಕ್ಕುತ್ತವೆ. ಅವುಗಳಲ್ಲಿ ಹೆಸರಿಸಿದ ಕೆರೆಗಳ ಪೈಕಿ ಇಂದು ಎಷ್ಟು ಉಳಿದಿವೆಯೆಂದು ನಮ್ಮ ಸಂಘದ ಸದಸ್ಯರು ತಮ್ಮ ತಮ್ಮ ಊರುಗಳಲ್ಲಿ ನೋಡಿ ಬರೆದು ಕಳುಹಿಸಿದರೆ, ಈ ಪತ್ರಿಕೆಯ ಸಂಚಿಕೆಗಳಲ್ಲಿ ಅನುಕ್ರಮವಾಗಿ ಅಚ್ಚುಮಾಡಬಹುದು. ಅದರ ಜೊತೆಗೆ ತಾಲ್ಲೂಕು ಕಚೇರಿಯಲ್ಲಿ ಗ್ರಾಮದ ನಕಾಶೆಯನ್ನೂ ಕೇಳಿ ಪಡೆಯಬೇಕು. ಅದರಲ್ಲಿ ಕೆರೆಯೂ ಕುಂಟೆಯೂ ಕೆರೆಗೆ ಬರುವ ಕಾಲುವೆಯೂ ಕೋಡಿಯ ಹಳ್ಳವೂ ಸರ್ವೆ ನಂಬರುಗಳ ಸಮೇತ ಬರೆದಿರುತ್ತವೆ. ಕಳೆದ ಮಾಘಮಾಸದಲ್ಲಿ ನಮ್ಮ ಹೋಬಳಿಯ ಒಂದು ಹಳ್ಳಿಯ ನಕಾಶೆಯನ್ನು, ಅಲ್ಲಿ ನಿವೇಶನಗಳನ್ನು ಮಾರತಕ್ಕವರು ಹಂಚುತ್ತಿದ್ದ ಬಣ್ಣದ ಚಿತ್ರಪಟದೊಡನೆ ಹೋಲಿಸಿ ನೋಡಿದೆನು. ನಕಾಶೆಯಲ್ಲಿ ಕಾಲುವೆಯಿದ್ದ ಕಡೆ ಚಿತ್ರಪಟದಲ್ಲಿ ಮೂವತ್ತು ಅಡಿಯ ರಸ್ತೆಯೂ ಅದರ ಎರಡು ಕಡೆಯಲ್ಲಿ 11ರಿಂದ 26ರವರೆಗಿನ ನಿವೇಶನಗಳೂ ಇದ್ದುವು. ಅವುಗಳಲ್ಲಿ ಒಂಬತ್ತು ಆಗಲೇ ಮಾರಾಟವಾಗಿದ್ದುವು.